ಅಪ್‌ಡೇಟ್: ಮಗಳು ಮತ್ತೆ ಮಾತಾಡ್ತಿದಾಳೆ

ಮೆದುಳಿನ ಗಡ್ಡೆ ಆಪರೇಷನ್ ಆದ್ಮೇಲೆ ಮಗಳು ಮಾತೇ ಆಡ್ತಿಲ್ಲ, ಯಾರ ಮಕ್ಕಳಿಗಾದ್ರೂ ಹೀಗಾಗಿತ್ತಾ ಅಂತ ಕೇಳಿದ್ದೆ, ಧೈರ್ಯ ಹೇಳಿದ ಎಲ್ರಿಗೂ ಥ್ಯಾಂಕ್ಸ್. ಅವಳದ್ದು ಮೆಡುಲೋಬ್ಲಾಸ್ಟೋಮಾ ಅನ್ನೋ ಕ್ಯಾನ್ಸರ್ ಗಡ್ಡೆ, ಕಿರುಮೆದುಳಲ್ಲಿ ಬರೋದು, ಅಲ್ಲಿ ಆಪರೇಷನ್ ಆದ ಕೆಲವು ಮಕ್ಕಳಿಗೆ ಮಾತು ನಿಂತೋಗುತ್ತೆ, ವಾರಗಳೋ ತಿಂಗಳುಗಳೋ ಕಳೆದ್ಮೇಲೆ ನಿಧಾನಕ್ಕೆ ವಾಪಸ್ ಬರುತ್ತೆ ಅಂದಿದ್ರು ಡಾಕ್ಟ್ರು. ಹಾಗೇ ಆಯ್ತು. ಸಕಲೇಶಪುರದಿಂದ ಬಂದಿದ್ದ ಅಜ್ಜಿ ಅಕ್ಕಿರೊಟ್ಟಿ ಚೂರು ಮಾಡಿ ಬಾಯಿಗಿಡ್ತಾ ಇದ್ರು, "ಸಾಕಜ್ಜಿ" ಅಂದ್ಲು, ಎಳೆದು ಎಳೆದು, ಅಜ್ಜಿ ರೊಟ್ಟಿ ಕೈಲಿ ಹಿಡ್ಕೊಂಡೇ ಇನ್ನೊಂದ್ಸಲ ಹೇಳು ಕಂದ ಅಂತ ಅತ್ತೇಬಿಟ್ರು. ಈಗ ಬೆಂಗಳೂರಲ್ಲಿ ರೇಡಿಯೇಷನ್, ತಲೆಗೂ ಬೆನ್ನುಹುರಿಗೂ, ವಾರಕ್ಕೆ 5 ದಿನ, ಮಾಸ್ಕ್ ಹಾಕಿ ಬಿಗಿದ್ಮೇಲೆ ಅಲ್ಲಾಡೋ ಹಾಗಿಲ್ಲ ಪಾಪ. ಹಾಸನದಲ್ಲಿ ಚಿಕ್ಕವನನ್ನ ನನ್ನ ತಮ್ಮನೇ ನೋಡ್ಕೊತಿದಾನೆ. ನಡೆಯುವಾಗ ಇನ್ನೂ ವಾಲ್ತಾಳೆ, ಫಿಸಿಯೋ ನಡೀತಿದೆ, ಆಮೇಲೆ ಕೀಮೋ.