ಮುಳುಗಿದ ಮನೆಯ ಅಪ್ಪೆಮರ: ಓದುಗರ ಸ್ಪಂದನ

ಕಳೆದ ಸಂಚಿಕೆಯ ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು. ಲಿಂಗನಮಕ್ಕಿ ಅಣೆಕಟ್ಟಿನ ನೀರು ಬಂದಾಗ ಅಜ್ಜ ಹಳೇ ಮನೆ ಬಿಟ್ಟು ಇಲ್ಲಿಗೆ ಬಂದರು. ಅಲ್ಲಿದ್ದ ಜೀರಿಗೆ ಅಪ್ಪೆಮರದ (ಜೀರಿಗೆ ಘಮದ, ಉಪ್ಪಿನಕಾಯಿ ಮಿಡಿಯ ಮಾವು) ನೆನಪಿಗೆ ಇಲ್ಲೊಂದು ನೆಟ್ಟರು. ಈಗ ಅದರ ಬುಡ ಟೊಳ್ಳಾಗಿದೆ, ಮರದ ರಸ ಹೀರುವ ಬಂದಳಿಕೆ ಹತ್ತಿದೆ, ಒಂದು ದೊಡ್ಡ ಕೊಂಬೆ ಮನೆ ಮೇಲೆ ಬಾಗಿದೆ. ಮಳೆಗಾಲಕ್ಕೆ ಮೊದಲು ಕಡಿಸಬೇಕು ಅಂತಾನೆ ತಮ್ಮ. ನನಗೆ ಮನಸ್ಸಿಲ್ಲ. ಅಪ್ಪ ತೀರಿಕೊಂಡರು, ಮರದ ಕತೆ ಸರಿಯಾಗಿ ಬಲ್ಲವರೂ ಇಲ್ಲ. ಏನು ಮಾಡಲಿ?

*

ಅಜ್ಜ ತಂದದ್ದು ಗೊರಟೆಯೋ, ಕಸಿ ಗಿಡವೋ? ಸುಮ್ನೆ ಕೇಳುತ್ತಿಲ್ಲ. ಗೊರಟೆ ಹಾಕಿದರೆ ತಾಯಿಮರದ ಗುಣವೇ ಬರುತ್ತದೆ ಅನ್ನುವ ಹಾಗಿಲ್ಲ. ಜೀರಿಗೆ ಮಿಡಿಯ ಗೊರಟೆಯಿಂದ ಹುಟ್ಟಿದ, ಬರೀ ಹುಳಿಯ ಮರ ನಮ್ಮ ಹಿತ್ತಲಲ್ಲೇ ಇದೆ. ನಿಮ್ಮದು ಗೊರಟೆಯಿಂದ ಬಂದದ್ದಾದರೆ ಅದು ಮುಳುಗಿದ ಮರ ಅಲ್ಲ, ಅದರ ಮಗಳು. ಒಂದು ಮಿಡಿಯ ತೊಟ್ಟು ಮುರಿದು ಸೊನೆ ಮೂಸಿ ನೋಡಿ. ಜೀರಿಗೆ ಘಮ ಇನ್ನೂ ಇದ್ದರೆ ನಿಮ್ಮ ಪುಣ್ಯ. ಆ ಘಮ ಇನ್ನೊಂದು ಗಿಡಕ್ಕೆ ಹೋಗಬೇಕಾದರೆ ಕಸಿಯೇ ದಾರಿ.

ಇಬ್ಬರೂ ಜಗಳ ಆಡಬೇಡಿ. ಮನೆ ಮೇಲೆ ಬಾಗಿದ ಕೊಂಬೆಯನ್ನು ಈಗಲೇ, ಬೇಸಿಗೆಯಲ್ಲೇ, ಹಗ್ಗ ಕಟ್ಟಿ ಇಳಿಸಿ. ತಮ್ಮನ ಭಯ ಅರ್ಧ ಕಡಿಮೆಯಾಗುತ್ತದೆ. ನಿಮಗೂ ಲಾಭ ಇದೆ. ಹಳೇ ಮರದ ಕಡ್ಡಿಗೆ ಕಸುವು ಇರುವುದಿಲ್ಲ, ಕೊಂಬೆ ಕಡಿದ ಕಡೆ ಹೊಸ ಚಿಗುರು ಒಡೆಯುತ್ತದೆ. ಆ ಚಿಗುರು ಮೂರು ತಿಂಗಳು ಬಲಿಯುವ ಹೊತ್ತಿಗೆ ಮಳೆ ಹಿಡಿದಿರುತ್ತದೆ. ಮೃದುಕಾಂಡ ಕಸಿಗೆ, ಅಂದರೆ ಎಳೇ ಸಸಿಯ ತುದಿಗೆ ಕಡ್ಡಿ ಕೂರಿಸುವುದಕ್ಕೆ, ಅದೇ ಸರಿಯಾದ ಹೊತ್ತು. ಪೆನ್ಸಿಲ್ ದಪ್ಪದ ಕಡ್ಡಿ ಆರಿಸಿ. ಕತ್ತರಿಸುವುದಕ್ಕೆ ವಾರ, ಹತ್ತು ದಿನ ಮೊದಲೇ ಎಲೆ ಚಿವುಟಿ ತೊಟ್ಟು ಮಾತ್ರ ಬಿಡಿ, ಮೊಗ್ಗು ಉಬ್ಬಿಕೊಳ್ಳುತ್ತದೆ. ಬಂದಳಿಕೆ ಹತ್ತಿದ ಕೊಂಬೆಯ ಕಡ್ಡಿ ಬೇಡ. ದೂರ ಒಯ್ಯುವುದಾದರೆ ಬಾಳೆ ದಿಂಡು ಸೀಳಿ ಒಳಗಿಡಿ, ಬಾಡುವುದಿಲ್ಲ. ಕಾಟುಮಾವಿನ (ಕಾಡುಮಾವಿನ) ಸಸಿಯ ತುದಿ ಸೀಳಿ, ಕಡ್ಡಿಯನ್ನು ಬೆಣೆ ಹಾಗೆ ಕೆತ್ತಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಮೇಲೊಂದು ಕವರ್ ಹಾಕಿ. ಎರಡು ಮೂರು ವಾರದಲ್ಲಿ ಕೆಂಪು ಚಿಗುರು ಕಂಡರೆ ಹಿಡಿದ ಹಾಗೆ. ಹತ್ತು ಕಟ್ಟಿ. ಎಲ್ಲಾ ಹಿಡಿಯುವುದಿಲ್ಲ. ನನ್ನ ಮೊದಲ ವರ್ಷದ ಎಂಟರಲ್ಲಿ ಉಳಿದದ್ದು ಎರಡೇ, ಅದರಲ್ಲೊಂದನ್ನು ದನ ತಿಂದಿತು.

— ರಿಪ್ಪನ್‌ಪೇಟೆ ಕಡೆಯ ಕೃಷಿಕ

*

ಕಡಿಸಿ. ನಮ್ಮ ಟೊಳ್ಳು ಹಲಸಿನ ಮರವನ್ನು ಅಜ್ಜನ ಹೆಸರು ಹೇಳಿಕೊಂಡೇ ಉಳಿಸಿಕೊಂಡಿದ್ದೆವು. ಒಂದು ಆಷಾಢದ ರಾತ್ರಿ ಕೊಟ್ಟಿಗೆ ಮೇಲೆ ಮಲಗಿತು. ಎರಡು ಕರು ಹೋದವು. ಅವತ್ತು ಸಂಜೆವರೆಗೂ ಅದೇ ಕೊಟ್ಟಿಗೆಯಲ್ಲಿ ಅಮ್ಮ ಇದ್ದಳು. ಆದರೆ ಕೊಡಲಿ ಎತ್ತುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆಯಲ್ವಾ, ಸ್ವಂತ ಜಾಗದ ಮರಕ್ಕೂ ಅನುಮತಿ ಬೇಕಾಗಬಹುದು.

— ಕೊಪ್ಪದ ಓದುಗ

*

ನಮ್ಮದೂ ಮುಳುಗಡೆ ಮನೆತನ. 1964 ಅಂದರೆ ನಮ್ಮ ಮನೆಯಲ್ಲಿ ಇಸವಿ ಅಲ್ಲ, "ನೀರು ಬಂದ ವರ್ಷ". ಮರದ ಕತೆ ಬಲ್ಲವರು ಇಲ್ಲ ಅಂತೀರಿ. ನಾವೂ ಹಾಗೇ ಅಂದುಕೊಂಡಿದ್ದೆವು. ಅಟ್ಟದ ಟ್ರಂಕಿನಲ್ಲಿ ಪರಿಹಾರದ ಹಳೇ ಕಾಗದ ಸಿಕ್ಕಿತು. ಒಂದು ಮೂಲೆ ಗೆದ್ದಲು ತಿಂದಿತ್ತು. ಮನೆ, ಬಾವಿ, ತೋಟ ಎಲ್ಲಾ ಬರೆದು, ಕೆಳಗೆ "ಮಾವು 2" ಅಂತ. ನಮ್ಮ ಅಜ್ಜಿ ಸಾಯುವವರೆಗೂ ಹಾಡಿ ಹೊಗಳಿದ ಮರ ಆ ಎರಡರಲ್ಲಿ ಒಂದು! ನಿಮ್ಮಲ್ಲೂ ಕಾಗದ ಇರಬಹುದು, ಹುಡುಕಿ. ಹಳೇ ಕಾಲದ ಕಪ್ಪು ಬಟ್ಟೆಯ ಕಡತ ಇದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಅದು ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲು ಬಳಿದು ಮಾಡಿದ್ದು. ಬಳಪದ ಅಕ್ಷರ ಅಳಿಸಿಯೇ ಹೋಗುತ್ತದೆ. ಓಲೆಗರಿ ಸಿಕ್ಕಿ ಲಿಪಿ ತಿಗಳಾರಿಯಾದರೆ ಕೆಳದಿಯ ವಸ್ತುಸಂಗ್ರಹಾಲಯಕ್ಕೆ ಒಯ್ದು ತೋರಿಸಿ.

ಇನ್ನೊಂದು ಮಾತು, ಬೇಜಾರಾಗಬೇಡಿ. ನೆಟ್ಟವರು ಅಜ್ಜ ಅಂತೀರಿ. ಗುಂಡಿ ತೋಡಿದವರು ಯಾರು? ಮೊದಲ ಎರಡು ಬೇಸಿಗೆ ನೀರು ಹೊತ್ತವರು ಯಾರು? ನಮ್ಮ ಮನೆಯ ಕೆಲಸಕ್ಕೆ ಬರುತ್ತಿದ್ದವರ ಮಗಳನ್ನು ಹುಡುಕಿಕೊಂಡು ಹೋದೆ, ಈಗ ಎಪ್ಪತ್ತು ದಾಟಿದೆ. "ನಿಮ್ಮಜ್ಜ ಎಲ್ಲಿ ನೆಟ್ರು? ಗಾಡಿ ಮೇಲೆ ಕೂತಿದ್ರು. ಗಿಡ ನನ್ನ ತೊಡೆ ಮೇಲಿತ್ತು" ಅಂದರು. ನಮ್ಮ ವಂಶವೃಕ್ಷದ ಹಾಳೆಯಲ್ಲಿ ಅವರ ಹೆಸರು ಬರೆಯುವುದಕ್ಕೆ ಜಾಗವೇ ಇರಲಿಲ್ಲ. ಅಂಚಿನಲ್ಲಿ ಬರೆದೆ. ನಿಮ್ಮ ಹಳೇ ಊರಿನ ಒಕ್ಕಲು, ಕೆಲಸದವರ ಮನೆಗಳು ಎಲ್ಲಿ ಹೋದವು, ಕೇಳಿ. ಮೇ ತಿಂಗಳಲ್ಲಿ ನೀರು ತುಂಬಾ ಇಳಿದರೆ ಲಿಂಗನಮಕ್ಕಿ ಹಿನ್ನೀರಲ್ಲಿ ಮುಳುಗಿದ ಮಡೆನೂರಿನ ಹಳೇ ಅಣೆಕಟ್ಟೆಯೇ ಎದ್ದು ಕಾಣುತ್ತದೆ. ಅಂಥ ವರ್ಷ ಹಿರಿಯರೊಬ್ಬರನ್ನು ದಡಕ್ಕೆ ಕರೆದುಕೊಂಡು ಹೋಗಿ. ಮನೆಯಲ್ಲಿ ಬಾಯಿ ಬಿಡದವರು ಅಲ್ಲಿ "ಇಲ್ಲಿ ಅಂಗಳ, ಅಲ್ಲಿ ಬಾವಿ" ಅಂತ ಶುರು ಮಾಡುತ್ತಾರೆ.

— ಸಾಗರದ ಓದುಗಿ

*

ಮೇಲಿನವರೆಲ್ಲ ಮಳೆಗಾಲದ ಮಾತು ಆಡುತ್ತಿದ್ದಾರೆ. ಮಿಡಿ ಇರುವುದು ಈಗ! ಕೊಂಬೆ ಇಳಿಸುವ ಮೊದಲು ಕೊಯ್ಯಿಸಿ. ಕೋಲಲ್ಲಿ ಬಡಿಯಬೇಡಿ, ನೆಲಕ್ಕೆ ಬಿದ್ದ ಮಿಡಿಗೆ ಪೆಟ್ಟಾಗಿ ಭರಣಿಯಲ್ಲಿ ಮೆತ್ತಗಾಗುತ್ತದೆ. ತೊಟ್ಟು ಸ್ವಲ್ಪ ಉಳಿಸಿಕೊಂಡು ಕೊಯ್ದು, ತೊಳೆದು, ನೀರು ಪೂರಾ ಆರಿಸಿ, ಕಲ್ಲುಪ್ಪಿನಲ್ಲಿ ಹಾಕಿ. ಮಿಡಿ ಚಿರುಟಿ ಉಪ್ಪುನೀರು ಬಿಟ್ಟ ಮೇಲೆ ಖಾರ ಅರೆದರಾಯಿತು. ತಮ್ಮನ ಮನೆಗೂ ಒಂದು ಭರಣಿ ಕೊಡಿ, ಆಮೇಲೆ ಕಡಿಯುವ ಮಾತು ತೆಗೆಯಿರಿ. ಜುಲೈನಲ್ಲಿ ಕಡ್ಡಿ ತೆಗೆದಾಗ ನನಗೂ ಎರಡು ಇಟ್ಟಿರಿ, ಬಾಳೆ ದಿಂಡು ನಾನೇ ತರುತ್ತೇನೆ.

— ತೀರ್ಥಹಳ್ಳಿಯಿಂದ ಒಬ್ಬ ಗೃಹಿಣಿ