ಭಾವನ 17.4, ಅಕ್ಕನ 10.9

ನಮ್ಮ ಮನೆ ಗುಂಪಿನಲ್ಲಿ ಜಗಳ ಆಗುವುದು ಸಾಮಾನ್ಯವಾಗಿ ಕಾಫಿ ರೇಟಿಗೆ. ಈ ಸಲ ಭಾವ ಒಂದು ಫೋಟೋ ಹಾಕಿದರು. ಅವರ 2018ರ ಇಸುಜು ವಿ-ಕ್ರಾಸ್ ಪಿಕಪ್‌ನ ಮೀಟರ್, ಸರಾಸರಿ ಮೈಲೇಜ್ 17.4. ದೊಡ್ಡ ಟೈರ್, ಸ್ಟೀಲ್ ಬಂಪರ್, ಮೇಲೊಂದು ಕ್ಯಾರಿಯರ್, ಇಂಜಿನ್ನಿನ ಶಕ್ತಿ ಏರಿಸುವ ಟ್ಯೂನಿಂಗ್ ಬಾಕ್ಸ್ ಎಲ್ಲಾ ಹಾಕಿಸಿದ ಗಾಡಿ ಅದು. ಮುಂದೆ ನಡೆದದ್ದನ್ನು, ಗುಡ್ ಮಾರ್ನಿಂಗ್ ಗುಲಾಬಿಗಳನ್ನು ತೆಗೆದು, ಇಲ್ಲಿ ಇಳಿಸಿದ್ದೇನೆ.

ಭಾವ: ದೊಡ್ಡ ಟೈರ್ ಹಾಕಿದರೆ ಮೈಲೇಜ್ ಬೀಳುತ್ತದೆ ಅಂದವರೆಲ್ಲ ಎಲ್ಲಿದ್ದೀರಿ? ಕಣ್ಣು ಬಿಟ್ಟು ನೋಡಿ.

ತಮ್ಮ: ಭಾವ, ಟ್ರಿಪ್ ಮೀಟರ್ ಸೊನ್ನೆ ಮಾಡಿದ್ದು ಎಲ್ಲಿ?

ಭಾವ: ಕೊಟ್ಟಿಗೆಹಾರದಲ್ಲಿ. ನೀರುದೋಸೆ ತಿಂದು ಹೊರಟೆವು. ಫೋಟೋ ಬಿ.ಸಿ. ರೋಡಿನಲ್ಲಿ ತೆಗೆದದ್ದು.

ತಮ್ಮ: ಅಂದರೆ ಚಾರ್ಮಾಡಿ ಇಳಿದ ಮೇಲೆ! ಸುಮಾರು 900 ಮೀಟರ್ ಎತ್ತರದಿಂದ ಕರಾವಳಿಗೆ. ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲಿಟ್ಟು ಇಳಿಯುವಾಗ ಇಂಜಿನ್ನಿಗೆ ಡೀಸೆಲ್ಲೇ ಹೋಗುವುದಿಲ್ಲ. ಚಕ್ರವೇ ಇಂಜಿನ್ ತಿರುಗಿಸುತ್ತಿರುತ್ತದೆ.

ಚಿಕ್ಕಪ್ಪ: ಹತ್ತುವಾಗಿನ ಫೋಟೋ ಎಲ್ಲಿ ಅಳಿಯಂದಿರೇ?

ಭಾವ: ಬರುವಾಗ ರಾತ್ರಿ ಆಗಿತ್ತು ಚಿಕ್ಕಪ್ಪ.

ಅಕ್ಕ: ರಾತ್ರಿ ಮೀಟರ್ ಇನ್ನೂ ಚೆನ್ನಾಗಿ ಕಾಣುತ್ತದೆ ಕಣ್ರೀ.

ತಮ್ಮ: ಎರಡು ಟನ್ ಗಾಡಿಯನ್ನು ಅಷ್ಟು ಮೇಲೆ ಎಳೆಯುವುದಕ್ಕೇ ಸುಮಾರು ಒಂದೂವರೆ ಲೀಟರ್ ಜಾಸ್ತಿ ಬೇಕು. ಹೋಗಿದ್ದೂ ಬಂದದ್ದೂ ಸೇರಿಸದೆ ಘಾಟಿಯ ಮೈಲೇಜ್ ಹೇಳಬಾರದು.

ಅಕ್ಕ: ಸೇರಿಸಿದ ಲೆಕ್ಕ ನನ್ನ ಹತ್ತಿರ ಇದೆ. ಹೋಗುವಾಗ ಮೂಡಿಗೆರೆಯಲ್ಲಿ ಫುಲ್ ಟ್ಯಾಂಕ್. ಊರೆಲ್ಲ ಸುತ್ತಿ ಬಂದು ಅದೇ ಬಂಕಿನಲ್ಲಿ ಮತ್ತೆ ಫುಲ್. ನಡುವೆ 486 ಕಿಲೋಮೀಟರ್, ಬಿಲ್ 44.6 ಲೀಟರ್. ಭಾಗಿಸಿ ನೋಡಿ, 10.9.

(ಇಲ್ಲಿ ಭಾವ ಸ್ವಲ್ಪ ಹೊತ್ತು ಕಾಣೆಯಾದರು. ಚಿಕ್ಕಮ್ಮ ಎರಡು ಚಪ್ಪಾಳೆ ಹಾಕಿದರು.)

ನಾನು: ಅಕ್ಕ, ಲೀಟರ್ ಲೆಕ್ಕ ಒಪ್ಪಿದೆ. ಕಿಲೋಮೀಟರ್ ಒಪ್ಪಲಾರೆ. ಕಂಪನಿ ಟೈರ್ 245/70 ಆರ್16, ವ್ಯಾಸ ಸುಮಾರು 749 ಮಿಲಿಮೀಟರ್. ಈಗಿನದು 265/75 ಆರ್16, ಸುಮಾರು 804. ಒಂದು ಸುತ್ತಿಗೆ ಗಾಡಿ ಶೇ. 7.3ರಷ್ಟು ಜಾಸ್ತಿ ದೂರ ಹೋಗುತ್ತದೆ. ಮೀಟರ್ ಎಣಿಸುವುದು ಸುತ್ತುಗಳನ್ನು. ಟೈರ್ ಬದಲಾದದ್ದು ಅದಕ್ಕೇನು ಗೊತ್ತು? ನಿಮ್ಮ 486 ನಿಜದಲ್ಲಿ 521ರ ಆಸುಪಾಸು. ಮೈಲೇಜ್ 11.7.

ಭಾವ: ಹಾಗೆ ಬನ್ನಿ ದಾರಿಗೆ! ಅಂದ ಮೇಲೆ ನನ್ನ 17.4 ಕೂಡ 18.7 ಆಗಬೇಕು, ಅಲ್ವಾ?

ತಮ್ಮ: ಭಾವ, ನೀವು ಇನ್ನೂ ಘಾಟಿ ಇಳಿಯುತ್ತಲೇ ಇದ್ದೀರಿ.

ನಾನು: ಇಳಿಜಾರು ಬಿಟ್ಟರೂ ಆ ಸ್ಕ್ರೀನ್ ನಂಬುವ ಹಾಗಿಲ್ಲ ಭಾವ. ಎಷ್ಟು ಡೀಸೆಲ್ ಹೋಯಿತು ಅಂತ ಅಳೆಯುವ ಸಾಧನ ಅದರಲ್ಲಿ ಇಲ್ಲ. ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು, ಅದಕ್ಕೆ ಡೀಸೆಲ್ ಕೊಡುವ ಕೊಳವೆಯಲ್ಲಿ ಒತ್ತಡ ಎಷ್ಟಿತ್ತು, ಅದರ ಮೇಲೆ ಕಂಪ್ಯೂಟರ್ ಅಂದಾಜು ಮಾಡುತ್ತದೆ. ನಿಮ್ಮ ಟ್ಯೂನಿಂಗ್ ಬಾಕ್ಸ್ ಎಲ್ಲಿ ಕೂತಿದೆ? ಆ ಒತ್ತಡದ ಸೆನ್ಸರ್ ವೈರಿನಲ್ಲಿ, ಅಲ್ವಾ?

ಭಾವ: ಹೌದು. ಅದಕ್ಕೇನೀಗ?

ನಾನು: ಅಂಥ ಬಾಕ್ಸ್ ಮಾಡುವ ಕೆಲಸವೇ ಒಂದು ಸುಳ್ಳು. ಒತ್ತಡ ಕಡಿಮೆ ಇದೆ ಅಂತ ಕಂಪ್ಯೂಟರಿಗೆ ಹೇಳುತ್ತದೆ. ಅದು ಪಂಪಿನಿಂದ ಒತ್ತಡ ಏರಿಸುತ್ತದೆ. ಅಷ್ಟೇ ಹೊತ್ತಿನಲ್ಲಿ ಜಾಸ್ತಿ ಡೀಸೆಲ್ ಒಳಗೆ ಹೋಗುತ್ತದೆ. ನಿಮಗೆ ಗಾಡಿಯ ಎಳೆತ ಚೆನ್ನಾಗಿದೆ ಅನಿಸುವುದು ಅದಕ್ಕೇ. ಆದರೆ ಕಂಪ್ಯೂಟರಿನ ಪುಸ್ತಕದಲ್ಲಿ ಹಳೆಯ ಲೆಕ್ಕವೇ ಇರುತ್ತದೆ. ಕುಡಿದದ್ದಕ್ಕಿಂತ ಕಡಿಮೆ ಬರೆದುಕೊಂಡರೆ ಮೈಲೇಜ್ ಜಾಸ್ತಿ ಕಾಣದೆ ಇನ್ನೇನು?

ಚಿಕ್ಕಪ್ಪ: ಇಷ್ಟೆಲ್ಲ ಯಾಕೆ? ಬೆಳಿಗ್ಗೆ ಬೇಗ ಹೋಗಿ ಡೀಸೆಲ್ ಹಾಕಿಸಿ. ತಣ್ಣಗಿರುವಾಗ ಜಾಸ್ತಿ ಬರುತ್ತದೆ.

ತಮ್ಮ: ಬಂಕಿನ ಟ್ಯಾಂಕ್ ನೆಲದ ಒಳಗೆ ಇರುತ್ತದೆ ಚಿಕ್ಕಪ್ಪ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಅಲ್ಲಿ ಬಿಸಿ ಹೆಚ್ಚು ಬದಲಾಗುವುದಿಲ್ಲ. ಹತ್ತು ಡಿಗ್ರಿ ಬದಲಾದರೂ ಡೀಸೆಲ್ ಹಿಗ್ಗುವುದು ಶೇಕಡಾ ಒಂದಕ್ಕಿಂತ ಕಡಿಮೆ. ನಿದ್ದೆ ಮಾಡಿ ಆರಾಮಾಗಿ ಹೋಗಿ.

ಭಾವ: ಬಿಲ್ ಬಗ್ಗೆ ನಾನೂ ಒಂದು ಹೇಳುತ್ತೇನೆ. ಎರಡನೇ ಸಲ ಟ್ಯಾಂಕ್ ತುಂಬಿ ಡೀಸೆಲ್ ಗನ್ ತಾನಾಗಿ ಕಟ್ ಆದ ಮೇಲೂ ಹುಡುಗ ರೌಂಡ್ ಫಿಗರ್ ಮಾಡಲು ಕುತ್ತಿಗೆವರೆಗೆ ಒತ್ತಿದ. ಮೊದಲ ಸಲ ಹಾಗೆ ಒತ್ತಿರಲಿಲ್ಲ. ಅದು ನನ್ನ ತಲೆಗೆ ಬರಬೇಕಾ?

(ನಿಜ ಹೇಳಬೇಕೆಂದರೆ, ಇಡೀ ದಿನದಲ್ಲಿ ಭಾವ ಆಡಿದ ಒಳ್ಳೆಯ ಮಾತು ಇದೇ.)

ತಮ್ಮ: ಪಾಯಿಂಟ್ ಸರಿ ಭಾವ. ಎರಡು ಲೀಟರ್ ಹೆಚ್ಚುಕಡಿಮೆ ಆದರೂ 20 ಲೀಟರಿನ ಲೆಕ್ಕ ಶೇ. 10 ತಪ್ಪುತ್ತದೆ. 60 ಲೀಟರಿಗೆ ಅದೇ ತಪ್ಪು ಶೇ. 3ರಷ್ಟು ಮಾತ್ರ. ಅದಕ್ಕೇ ಟ್ಯಾಂಕ್ ಚೆನ್ನಾಗಿ ಖಾಲಿ ಆಗುವವರೆಗೆ ಓಡಿಸಿ ಆಮೇಲೆ ತುಂಬಿಸಬೇಕು. ಅದೇ ಬಂಕ್, ಅದೇ ಗನ್, ಗಾಡಿ ಸಮತಟ್ಟಾಗಿ ನಿಂತಿರಬೇಕು, ಮೊದಲ ಕಟ್‌ಗೇ ಸಾಕು ಅನ್ನಬೇಕು. ಹೀಗೆ ಸುಮಾರು ಸಲದ ಲೀಟರ್ ಒಂದು ಕಡೆ, ಕಿಲೋಮೀಟರ್ ಒಂದು ಕಡೆ ಕೂಡಿಸಿ ಕೊನೆಗೆ ಭಾಗಿಸಿ. ಒಂದೊಂದು ಸಲದ ಮೈಲೇಜ್ ಹಾಕಿ ಸರಾಸರಿ ತೆಗೆಯಬೇಡಿ, ಅದು ಬೇರೆಯೇ ಬರುತ್ತದೆ.

ನಾನು: ಜೊತೆಗೆ ಆ 7.3 ಕೂಡ ಕಾಗದದ ಲೆಕ್ಕ. ಭಾರಕ್ಕೆ ಟೈರ್ ಸ್ವಲ್ಪ ಅದುಮುತ್ತದೆ, ಸವೆದರೆ ಇನ್ನೂ ಚಿಕ್ಕದಾಗುತ್ತದೆ. ಹಾಸನ–ಬೆಂಗಳೂರು ಹೈವೇಯಲ್ಲಿ 50 ಕಿಲೋಮೀಟರ್ ಕಲ್ಲು ನೋಡಿಕೊಂಡು ಹೋಗಿ. ಮೊಬೈಲಿನ ಜಿಪಿಎಸ್ ಕೂಡ ಹಾಕಿಡಿ. ಮೀಟರ್ ಎಷ್ಟು ತೋರಿಸಿತು ಅಂತ ಬರೆದುಕೊಳ್ಳಿ. ನಿಮ್ಮ ಗಾಡಿಯ ನಿಜವಾದ ಗುಣಕ ಅಲ್ಲಿ ಸಿಗುತ್ತದೆ.

ಚಿಕ್ಕಪ್ಪ: ಸರಿ, ಆದರೆ ಇದೆಲ್ಲ ಹಾಕಿಸುವ ಮುಂಚೆ ಎಷ್ಟು ಬರುತ್ತಿತ್ತು? ಅದು ಗೊತ್ತಿಲ್ಲದೆ ಬಿತ್ತು, ಏರಿತು ಅಂತ ಯಾವ ಲೆಕ್ಕದಲ್ಲಿ ಹೇಳುತ್ತೀರಿ?

ಭಾವ: 13 ಬರುತ್ತಿತ್ತು. ಮೀಟರ್ ತೋರಿಸುತ್ತಿತ್ತು.

ಅಕ್ಕ: ಮತ್ತೆ ಮೀಟರ್! ಕಳೆದ ವರ್ಷದ ಬಿಲ್ಲುಗಳೂ ಇವೆ. ಹಿಂದೆ ಕಿಲೋಮೀಟರ್ ಬರೆದಿಟ್ಟಿದ್ದೇನೆ. ಎಲ್ಲಾ ಕೂಡಿಸಿದರೆ 12.6.

ತಮ್ಮ: ಆಗ ಕಂಪನಿ ಟೈರ್ ಇತ್ತು, ಹಾಗಾಗಿ ಆ ಕಿಲೋಮೀಟರ್ ನಂಬಬಹುದು. 12.6ರಿಂದ 11.7ಕ್ಕೆ ಬಿದ್ದಿದೆ. ಅಕ್ಕ ಹೇಳಿದಷ್ಟು ಕೆಟ್ಟದಾಗಿಲ್ಲ, ಭಾವ ಹೇಳಿದ ಹಾಗೆ ಏರಿಯೂ ಇಲ್ಲ. ಅದೂ ಈಗಿನದು ಒಂದೇ ಬಿಲ್ಲಿನ ಮೇಲೆ.

ಭಾವ: ಒಂದು ಕಿಲೋಮೀಟರೂ ಇಲ್ಲದ್ದಕ್ಕೆ ಇಷ್ಟು ಗಲಾಟೆಯಾ ಮಾರಾಯ? ಬೇಕಾದರೆ ಬಾಕ್ಸ್ ಬಿಚ್ಚಿಸಿ ನೋಡುತ್ತೇನೆ.

ಅಕ್ಕ: ಕ್ಯಾರಿಯರ್ ಕೂಡ. ಖಾಲಿ ಕ್ಯಾರಿಯರ್ ಗಾಳಿಗೆ ಅಡ್ಡ ಹಿಡಿದುಕೊಂಡು ಯಾಕೆ ತಿರುಗಬೇಕು?

ತಮ್ಮ: ಎರಡನ್ನೂ ಒಟ್ಟಿಗೆ ಬಿಚ್ಚಬೇಡಿ ಭಾವ. ಯಾವುದರಿಂದ ಎಷ್ಟು ಅಂತ ಗೊತ್ತಾಗುವುದಿಲ್ಲ.

ಅಕ್ಕ: ಹಾಗಾದರೆ ಮೊದಲು ಕ್ಯಾರಿಯರ್.

ಭಾವ: ಮೊದಲು ಬಾಕ್ಸ್.