ಅಂಗಳದ ಬೇವಿನೆಲೆ ಸುಡೋಕೆ ಪರ್ಮಿಷನ್ ಸಿಗುತ್ತಾ?

ಪ್ರಶ್ನೆ – ಜೇವರ್ಗಿ ರೋಡ್, ಕಲಬುರಗಿ

ನಮ್ಮ ಮನೆ ಮುಂದೆ ಎರಡು ದೊಡ್ಡ ಬೇವಿನ ಮರ ಇವೆ. ಶಿವರಾತ್ರಿ ಹೊತ್ತಿಗೆ ಎಲೆ ಉದುರೋದು ನಿಮಗೂ ಗೊತ್ತಲ್ಲ, ಬೆಳಗ್ಗೆ ಗುಡಿಸಿದರೆ ಮಧ್ಯಾಹ್ನಕ್ಕೆ ಮತ್ತೆ ಅಷ್ಟೇ. ಮೂಲೆಯಲ್ಲಿ ರಾಶಿ ಹಾಕಿ ಕಡ್ಡಿ ಗೀರೋದು ನಮ್ಮಪ್ಪನ ಕಾಲದ ರೂಢಿ. ಈ ಸಲ ಪಕ್ಕದ ಮನೆ ಕಾಕಾ "ದಂಡ ಬೀಳುತ್ತೆ ನೋಡಪಾ" ಅಂದರು. ಅವರಿಗೆ ದಮ್ಮು ಇದೆ, ಹೊಗೆ ಆಗಿಬರಲ್ಲ. ಸುಮ್ನೆ ಹೆದರಿಸಿದರೋ, ನಿಜವಾಗಿಯೂ ಕಾನೂನು ಇದೆಯೋ? ಪಾಲಿಕೆಗೆ ಅರ್ಜಿ ಕೊಟ್ಟರೆ ಆಗುತ್ತಾ? ಸುಡೋದು ಕಾಂಪೌಂಡ್ ಒಳಗೇ, ರಸ್ತೆಯಲ್ಲಿ ಅಲ್ಲ.

ಉತ್ತರ – ಸೇಡಂ ವಕೀಲ

ಕಾಕಾ ಹೇಳಿದ್ದು ಖರೇನೇ ರೀ. 2016ರ ಘನತ್ಯಾಜ್ಯ ನಿಯಮದಲ್ಲಿ "ತಮ್ಮ ಆವರಣದ ಹೊರಗೆ" ಕಸ ಸುಡಬಾರದು ಅಂತ ಬರೆದಿತ್ತು. ಆ ಒಂದು ಮಾತು ಹಿಡಿದು ಕಾಂಪೌಂಡ್ ಒಳಗೆ ನಡೆಯುತ್ತೆ ಅಂತ ವಾದ ಮಾಡೋರು ಜಾಸ್ತಿ. ಆದರೆ ತೋಟದ ಕಸ ಮನೆಯಲ್ಲೇ ಬೇರೆ ಇಟ್ಟು, ಪಾಲಿಕೆ ಹೇಳಿದ ರೀತಿ ವಿಲೇವಾರಿ ಮಾಡಬೇಕು ಅಂತಲೂ ಅದರಲ್ಲೇ ಇತ್ತು. ಅದನ್ನು ಯಾರೂ ಓದಲ್ಲ! ಅದೇ ವರ್ಷ ಡಿಸೆಂಬರ್ 22ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಡೋದನ್ನು ದೇಶದ ತುಂಬ ಪೂರ್ತಿ ನಿಷೇಧಿಸಿತು. ಸಾಮಾನ್ಯವಾಗಿ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000. ಪೂರ್ತಿ ನಿಷೇಧ ಅಂದಮೇಲೆ ಅರ್ಜಿ ಯಾವುದಕ್ಕೆ ಕೊಡ್ತೀರಿ?

ಉತ್ತರ – ಆಳಂದ ಅಕ್ಕ

ತಮ್ಮಾ, ಬೇವಿನೆಲೆ ಯಾರಾದರೂ ಸುಡ್ತಾರಾ? ಹಸಿರಿರುವ ಸೊಪ್ಪು ಕಿತ್ತು ನೆರಳಲ್ಲಿ ಒಣಗಿಸಿ ಜೋಳದ ಚೀಲಕ್ಕೆ ಹಾಕು, ಹುಳ ಕಡಿಮೆ. ಉದುರಿದ್ದನ್ನು ಗಿಡದ ಬುಡಕ್ಕೆ ಗೇಣುದ್ದ ಹರಡು. ನಮ್ಮ ಬಿಸಿಲಿಗೆ ಬೆಳಗ್ಗೆ ಹಾಕಿದ ನೀರು ಸಂಜೆಗೆ ಆರುತ್ತೆ, ಎಲೆ ಹೊದಿಸಿದರೆ ತೇವ ನಿಲ್ಲುತ್ತೆ. ಕಾಂಡಕ್ಕೆ ಮಾತ್ರ ತಾಗಿಸಬೇಡ. ಉಳಿದದ್ದು ಗುಂಡಿಗೆ ಹಾಕು. ಒಂದು ಪದರ ಎಲೆ, ಮೇಲೆ ಸಗಣಿ ನೀರು, ಅಡುಗೆಮನೆ ಸಿಪ್ಪೆ. ಬರೀ ಒಣ ಎಲೆ ಬೇಗ ಕೊಳೆಯಲ್ಲ. ಬೇಸಿಗೆಯಲ್ಲಿ ನೀರು ಚಿಮುಕಿಸ್ತಾ ಇರಬೇಕು, ಎಲ್ಲರೂ ತಪ್ಪೋದು ಅಲ್ಲೇ.

ಪ್ರಶ್ನೆ ಕೇಳಿದವರು

ವಕೀಲ ಸರ್, ಆಯ್ತು, ಕಡ್ಡಿ ಗೀರಲ್ಲ. ಅಕ್ಕಾ, ನಮ್ಮದು ಕರಿ ಮಣ್ಣು. ಮಳೆಗಾಲದಲ್ಲಿ ಗುಂಡಿ ತುಂಬ ನೀರು ನಿಲ್ಲುತ್ತಲ್ಲ?

ಉತ್ತರ – ಆಳಂದ ಅಕ್ಕ

ಹಾಗಿದ್ದರೆ ಗುಂಡಿ ಬೇಡ. ನೆಲದ ಮೇಲೇ ಇಟ್ಟಿಗೆ ಸುತ್ತು ಕಟ್ಟು, ನಡುನಡುವೆ ಸಂದು ಬಿಡು, ಗಾಳಿ ಆಡಲಿ. ತಳಕ್ಕೆ ತೊಗರಿ ಕಟ್ಟಿಗೆ ಹಾಸು.